ಮಾಗಡಿ ಕೆರೆಗೊಂದು ದುರ್ಬೀನು

— ನಮ್ಮ ಶಾಲಿಗೆ ಒಂದು ದುರ್ಬೀನು ತಗೋಬೇಕಂತ ಮಾಡೇವ್ರಿ. ಹನ್ನೆರಡು ಸಾವಿರ ರೂಪಾಯಿ ಕೂಡೇತಿ. ಅದರ ಮ್ಯಾಲ ಒಂದು ಪೈಸಾನೂ ಇಲ್ಲ. ಯಾವುದು ತಗೋಬೇಕು ಅನ್ನೂದಷ್ಟು ಹೇಳಿಬಿಡ್ರಿ.

— ಏನು ನೋಡೋದಕ್ಕೆ?

— ನಮ್ಮ ಗದಗ ಕಡೆ ಮಾಗಡಿ ಕೆರಿ ಹಕ್ಕಿ. ಚಳಿಗಾಲಕ್ಕ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವಲ್ರಿ. ಹುಡುಗರನ್ನ ಕರ್ಕೊಂಡು ಹೋದ್ರ ದಂಡಿ ಮ್ಯಾಲ ನಿಂತು ‘ಟೀಚರ್, ಎಲ್ಲಿ ಅದಾವ್ರಿ ಪಟ್ಟಿ?’ ಅಂತಾವ. ನೀರಿನ ನಡುವ ಬರೇ ಚುಕ್ಕಿ ಕಂಡ್ರ ಪಟ್ಟಿ ಎಲ್ಲಿಂದ ತೋರಿಸಲಿ? ಆಮ್ಯಾಲ ಶಾಲಿ ಮಾಳಗಿ ಮ್ಯಾಲಿಂದ ಚಂದ್ರನ್ನ ತೋರಿಸಬೇಕು. ಲಕ್ಕುಂಡಿಗೆ ಪ್ರವಾಸ ಹೋದಾಗ ಗುಡಿ ಕೆತ್ತನಿ ನೋಡಾಕೂ ಆಗಬೇಕು. ಎಲ್ಲಾ ಒಂದರಾಗ.

— ಹಾಗಾದರೆ 8×42, ಇಲ್ಲವೇ 8×40. ಇಷ್ಟು ಬೇರೆಬೇರೆ ಕೆಲಸಕ್ಕೆ ಒಂದೇ ದುರ್ಬೀನು ಅಂದರೆ ಅನುಭವಸ್ಥರು ಬಹುತೇಕ ಇದನ್ನೇ ಹೇಳ್ತಾರೆ.

— ಎಂಟು ಪಟ್ಟೇನ್ರಿ? ಆನ್‌ಲೈನ್‌ನಾಗ ಎರಡು ಸಾವಿರಕ್ಕ ಇಪ್ಪತ್ತು ಪಟ್ಟಿಂದು ಐತಿ. ಇನ್ನೊಂದು ಹತ್ತರಿಂದ ಮೂವತ್ತರ ತನಕ ಝೂಮ್ ಆಗತೈತಿ. ನೀವು ಹನ್ನೆರಡು ಸಾವಿರ ಇಸ್ಕೊಂಡು ಎಂಟಕ್ಕ ನಿಂತ್ರಿ!

— ನಿಮ್ಮ ಲೆಕ್ಕದ ಮೇಷ್ಟ್ರನ್ನ ಕೇಳಿ. ಎಂಬತ್ತು ಮೀಟರ್ ದೂರದ ಹೆಬ್ಬಾತು ಎಂಟು ಪಟ್ಟಿನಲ್ಲಿ ಹತ್ತು ಮೀಟರಿಗೆ ಬಂದು ಕೂತ ಹಾಗೆ ಕಾಣುತ್ತೆ. ಹತ್ತು ಪಟ್ಟಿನಲ್ಲಿ ಎಂಟು ಮೀಟರಿಗೆ. ಎರಡೇ ಮೀಟರ್ ವ್ಯತ್ಯಾಸ. ಇಪ್ಪತ್ತು ಪಟ್ಟಾದರೆ ನಾಲ್ಕು ಮೀಟರಿಗೆ ಬರಬೇಕು ಸರಿ, ಆದರೆ ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವೂ ಇಪ್ಪತ್ತು ಪಟ್ಟಾಗುತ್ತೆ. ನಡುಗುವ ಹೆಬ್ಬಾತಿನ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇದೆಯೋ ಮೂರಿದೆಯೋ ಹೇಳೋಕಾಗಲ್ಲ. ಬರಿಗೈಯಲ್ಲಿ ಹಿಡಿಯೋ ದುರ್ಬೀನಿಗೆ ಹತ್ತು ಪಟ್ಟೇ ಎಲ್ಲೆ, ಅದೂ ಕೈ ಗಟ್ಟಿ ಇರುವವರಿಗೆ.

— ಝೂಮ್ ಇದ್ರ ಬೇಕಾದಾಗ ಹತ್ತು, ಬೇಕಾದಾಗ ಇಪ್ಪತ್ತು ಮಾಡಬಹುದಲ್ರಿ.

— ಝೂಮ್ ದುರ್ಬೀನಿನೊಳಗೆ ಓಡಾಡುವ ಗಾಜುಗಳು ಜಾಸ್ತಿ. ಎಡಕ್ಕೂ ಬಲಕ್ಕೂ ಅವು ಕೂದಲೆಳೆ ವ್ಯತ್ಯಾಸವಿಲ್ಲದೆ ಒಟ್ಟಿಗೆ ಸರಿಯಬೇಕು. ಆ ಬೆಲೆಯಲ್ಲಿ ಅದು ಸಾಧ್ಯವಿಲ್ಲದ ಮಾತು. ಅಷ್ಟು ಸಾಲದು ಅಂತ ಕಡಿಮೆ ಪಟ್ಟಿಗೆ ಇಟ್ಟಾಗಲೂ ನೋಟದ ಅಗಲ ತೀರಾ ಕಿರಿದು. ಜಾತ್ರೆಯನ್ನ ಬೀಗದ ಕಣ್ಣಿಂದ ನೋಡಿದ ಹಾಗೆ. ಕೆಂಪಗೆ ಹೊಳೆಯೋ ಗಾಜಿನದ್ದೂ ಬೇಡ. ಅದು ಕೆಂಪು ಬೆಳಕನ್ನ ಹಿಂದಕ್ಕೆ ಎಸೆಯುತ್ತೆ, ನೋಟವೆಲ್ಲ ಹಸಿರು ಹೊಡೆಯುತ್ತೆ. ‘ರಾತ್ರಿ ನೋಟ’ ಅಂತ ಬರೆದಿದ್ದರೆ ಮುಂದಿನ ಅಕ್ಷರ ಓದೋದೇ ಬೇಡ.

— ಅಂಗಡ್ಯಾವ ಒಂದರ ಮ್ಯಾಲ ಬರದಿದ್ದನ್ನ ತೋರಿಸಿದ್ರಿ, 1000 ಮೀಟರ್ ತನಕ ಕಾಣತೈತಿ ಅಂತ.

— 114 ಮೀಟರ್, ಓರೆಗೆರೆ, 1000 ಮೀಟರ್ ಅಂತ ಇತ್ತಾ?

— ಹಂಗ ಏನೋ ಇತ್ತು.

— ಅದಕ್ಕೂ ಎಷ್ಟು ದೂರ ಕಾಣುತ್ತೆ ಅನ್ನೋದಕ್ಕೂ ಸಂಬಂಧವೇ ಇಲ್ಲ. ಸಾವಿರ ಮೀಟರ್ ದೂರದಲ್ಲಿ ಎಡ ತುದಿಯಿಂದ ಬಲ ತುದಿಗೆ 114 ಮೀಟರ್ ಅಗಲದ ಜಾಗ ಒಳಗೆ ಹಿಡಿಸುತ್ತೆ ಅಂತ ಅರ್ಥ. ಕೋನದಲ್ಲಿ ಹೇಳಿದರೆ ಆರೂವರೆ ಡಿಗ್ರಿ. ಒಂದು ಡಿಗ್ರಿಗೆ ಹದಿನೇಳೂವರೆ ಮೀಟರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಒಳ್ಳೆ ಎಂಟು ಪಟ್ಟಿನದು ಏಳರಿಂದ ಎಂಟು ಡಿಗ್ರಿ ಕೊಡುತ್ತೆ, ಅಂದರೆ 122ರಿಂದ 140 ಮೀಟರ್. ಹೊಸದಾಗಿ ಹಿಡಿಯೋ ಹುಡುಗರಿಗೆ ಈ ಅಗಲ ಬಹಳ ಮುಖ್ಯ. ಅವರು ಮೊದಲು ಸೋಲೋದು ಹಕ್ಕಿಯನ್ನ ದುರ್ಬೀನಿನೊಳಗೆ ಹುಡುಕೋದರಲ್ಲಿ. ‘ಏನೂ ಕಾಣ್ತಿಲ್ಲ ಟೀಚರ್’ ಅಂದರೆ ಬಹುತೇಕ ಆಕಾಶ ನೋಡ್ತಿದ್ದಾರೆ ಅಂತ. ಕಣ್ಣನ್ನ ಹಕ್ಕಿಯ ಮೇಲಿಂದ ತೆಗೀಬೇಡಿ, ದುರ್ಬೀನನ್ನೇ ಕಣ್ಣಿಗೆ ತನ್ನಿ ಅಂತ ಅಭ್ಯಾಸ ಮಾಡಿಸಿ.

— ಪಟ್ಟು ಆತು, ಅಗಲ ಆತು. ಆ 42 ಏನ್ರಿ?

— ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಅದನ್ನ ಪಟ್ಟಿನಿಂದ ಭಾಗಿಸಿ. 42 ಭಾಗ 8, ಐದೂ ಕಾಲು. ದುರ್ಬೀನನ್ನ ತೋಳುದ್ದ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಕಣ್ಣಿಗಿಡುವ ಗಾಜಿನ ನಡುವೆ ಒಂದು ಬೆಳಕಿನ ಬಿಲ್ಲೆ ಕಾಣುತ್ತೆ. ಅದು ಐದೂ ಕಾಲು ಮಿಲಿಮೀಟರ್ ಅಗಲ. ಬಿಸಿಲಲ್ಲಿ ನಮ್ಮ ಪಾಪೆ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುತ್ತೆ, ಕತ್ತಲಲ್ಲಿ ಎಳೆಯರದ್ದು ಏಳರವರೆಗೂ ಅರಳುತ್ತೆ, ವಯಸ್ಸಾದಂತೆ ಅರಳೋದು ಕಡಿಮೆ. ಈಗ ಲಕ್ಕುಂಡಿಗೆ ಬನ್ನಿ. ಹೊರಗೋಡೆಯ ಕೆತ್ತನೆಗೆ ಬಿಸಿಲಿದೆ, ಜೇಬಿನಲ್ಲಿ ಹಿಡಿಸೋ 8×25 ಆದರೂ ನಡೆದೀತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಹೋದ ಕೂಡಲೇ ನಿಮ್ಮ ಪಾಪೆ ಅರಳುತ್ತೆ. 8×25ರ ಬಿಲ್ಲೆ ಮೂರು ಮಿಲಿಮೀಟರ್, ನೀವು ಹೇಳಿದ ಇಪ್ಪತ್ತು ಪಟ್ಟಿನದು 20×50 ಆದರೆ ಬರೀ ಎರಡೂವರೆ. ಪಾಪೆ ಎಷ್ಟು ತೆರೆದರೂ ಒಳಗೆ ಬರೋದು ಅಷ್ಟೇ ಬೆಳಕು. ಮುಸ್ಸಂಜೆಯಲ್ಲೂ ಇದೇ ಕಥೆ.

— ಹಂಗಾದ್ರ ನಮ್ಮ ಮಾವನವರ ಕಡೆ ಒಬ್ಬರಲ್ಲಿ 7×50 ಐತಿ, ಹಡಗಿನಾಗ ಕೆಲಸಕ್ಕಿದ್ರು. ಅದು ಇನ್ನೂ ಛಲೋ ಅಲ್ಲೇನ್ರಿ? ಏಳು ಮಿಲಿಮೀಟರ್ ಬರತೈತಿ.

— ಕತ್ತಲ ಕಡಲಿಗೆ ಅದು ಹೇಳಿ ಮಾಡಿಸಿದ್ದು. ಹಗಲು ಹೊತ್ತಿನಲ್ಲಿ ಆ ಬೆಳಕಿನ ಅರ್ಧಕ್ಕಿಂತ ಹೆಚ್ಚು ನಿಮ್ಮ ಪಾಪೆಯ ಹೊರಗೇ ಬೀಳುತ್ತೆ, ಸುಮ್ಮನೆ ತೂಕ ಹೊರಬೇಕು. ಕೈಗೆ ಸಿಗೋ ಹಾಗಿದ್ದರೆ ಚಂದ್ರನ ದಿನ ಎರವಲು ತನ್ನಿ.

— ಸರಿ. ಯಾವ ಕಂಪನಿ?

— ಸ್ವಲ್ಪ ತಾಳಿ, ಅದಕ್ಕಿಂತ ಮುಂಚೆ ಆಕಾರ ತೀರ್ಮಾನ ಆಗಲಿ. ಎರಡು ಥರ ಇವೆ. ಹಳೇ ಸಿನಿಮಾದಲ್ಲಿ ಸೇನಾಧಿಕಾರಿಗಳ ಕೊರಳಲ್ಲಿ ಇರುತ್ತಲ್ಲ, ಮುಂದಿನ ಗಾಜುಗಳು ಕಣ್ಣಿಗಿಂತ ಅಗಲಕ್ಕೆ ಇದ್ದು ಹೆಗಲಿರೋ ಹಾಗೆ ಕಾಣೋದು, ಅದು ಪೊರ್ರೊ. ಇಟಲಿಯ ಇಗ್ನಾಜಿಯೋ ಪೊರ್ರೊ ಅದರೊಳಗಿನ ಪಟ್ಟಕಗಳ, ಅಂದರೆ ಪ್ರಿಸಂಗಳ, ಜೋಡಣೆಗೆ 1854ರಲ್ಲಿ ಪೇಟೆಂಟ್ ತಗೊಂಡ. ಅದನ್ನ ಇಟ್ಟು ಝೈಸ್ ಕಂಪನಿ ದುರ್ಬೀನು ಮಾರಾಟಕ್ಕೆ ತಂದಿದ್ದು 1894ರಲ್ಲಿ. ಎರಡು ನೇರ ಕೊಳವೆ ಅಂಟಿಸಿದ ಹಾಗೆ ತೆಳ್ಳಗೆ ಇರೋದು ರೂಫ್. ಈಗ ಅಂಗಡಿಗಳಲ್ಲಿ ಜಾಸ್ತಿ ಕಾಣೋದು ಇದೇ.

— ನೋಡಾಕ ಅದೇ ಛಂದ ಐತ್ರಿ.

— ಚೆಂದ ಹೌದು. ಆದರೆ ಕಡಿಮೆ ದುಡ್ಡಿನವರಿಗೆ ನಾನು ಮೊದಲು ಪೊರ್ರೊ ಅನ್ನೋದು. ಕಾರಣ ಇದೆ. ಪೊರ್ರೊ ಪಟ್ಟಕಗಳಲ್ಲಿ ಬೆಳಕು ನಾಲ್ಕು ಸಲ ತಿರುಗುತ್ತೆ, ನಾಲ್ಕು ಸಲವೂ ಗಾಜಿನ ಗುಣದಿಂದಲೇ ಪೂರ್ತಿ ಪ್ರತಿಫಲಿಸುತ್ತೆ. ಕನ್ನಡಿ ಲೇಪ ಬೇಕಿಲ್ಲ. ಸಾಮಾನ್ಯ ರೂಫ್ ಪಟ್ಟಕದಲ್ಲಿ ಒಂದು ಮುಖದಲ್ಲಿ ಹಾಗೆ ಆಗಲ್ಲ, ಅಲ್ಲಿಗೆ ಕನ್ನಡಿ ಬಳೀಬೇಕು. ಅಲ್ಯೂಮಿನಿಯಂ ಅಗ್ಗ, ಬೆಳಕು ತಿನ್ನುತ್ತೆ. ಬೆಳ್ಳಿ ವಾಸಿ. ಡೈಎಲೆಕ್ಟ್ರಿಕ್ ಅನ್ನೋದು ಇನ್ನೂ ಮೇಲು, ಬೆಲೆಯೂ ಮೇಲೆ. ಇಷ್ಟಕ್ಕೇ ಮುಗೀಲಿಲ್ಲ. ರೂಫ್ ಅಂದರೆ ಮನೆಯ ಮಾಡಿನ ಹಾಗೆ ನಡುವೆ ಏಣು ಇರೋ ಪಟ್ಟಕ. ಬೆಳಕು ಆ ಏಣಿನ ಮೇಲೆ ಬಿದ್ದು ಎರಡು ಪಾಲಾಗಿ ಮತ್ತೆ ಕೂಡುತ್ತೆ. ಕೂಡುವಾಗ ಎರಡು ಪಾಲಿನ ಅಲೆಗಳು ಒಂದಕ್ಕೊಂದು ಹೊಂದಲ್ಲ, ಸಣ್ಣ ಗೆರೆಗಳ ಮೊನಚು ಮಾಸುತ್ತೆ. ಅದನ್ನ ಸರಿಮಾಡೋ ಫೇಸ್ ಲೇಪವನ್ನ ಝೈಸ್‌ನವರು ತಂದಿದ್ದೇ 1988ರಲ್ಲಿ. ಏಣನ್ನ ನಿಖರವಾಗಿ ಕಡೆಯೋ ಖರ್ಚು, ಕನ್ನಡಿ ಖರ್ಚು, ಫೇಸ್ ಲೇಪದ ಖರ್ಚು. ಇದ್ಯಾವುದೂ ಪೊರ್ರೊಗೆ ಇಲ್ಲ. ಹಾಗಾಗಿ ಒಂದೇ ಬೆಲೆಯ ಎರಡನ್ನ ಪಕ್ಕಪಕ್ಕ ಇಟ್ಟರೆ ಅಗ್ಗದ ರೂಫ್‌ಗಿಂತ ಪೊರ್ರೊ ಸಾಮಾನ್ಯವಾಗಿ ಚುರುಕಾಗಿ ತೋರಿಸುತ್ತೆ. ಮುಂದಿನ ಗಾಜುಗಳು ದೂರದೂರ ಇರೋದರಿಂದ ಹತ್ತಿರದ ಕೊಂಬೆ ಮುಂದೆ, ಹಿಂದಿನ ಕೊಂಬೆ ಹಿಂದೆ ಅಂತ ಆಳವೂ ಹೆಚ್ಚು ಕಾಣುತ್ತೆ. ಲಕ್ಷಗಟ್ಟಲೆ ಬೆಲೆಯ ಸ್ವರೋವ್‌ಸ್ಕಿ, ಲೈಕಾಗಳಲ್ಲಿ ರೂಫೇ ರಾಜ, ಒಪ್ಪಿದೆ. ನಮ್ಮ ಮಾತು ಹನ್ನೆರಡು ಸಾವಿರದ್ದು.

— ಅಂದ್ರ ಪೊರ್ರೊ, 8×42. ಬರ್ಕೊಂಡೆ. ಹೆಸರು ಹೇಳ್ರಿ.

— ನಿಕಾನ್ ಅಕ್ಯುಲಾನ್ 8×42 ನೋಡಬಹುದು. ಎಂಟು ಡಿಗ್ರಿ ಅಗಲ, ಮುಕ್ಕಾಲು ಕಿಲೋ ತೂಕ. ಒಲಿಂಪಸ್ ಹೆಸರಿನ 8×40 ಪೊರ್ರೊ ಕೂಡ ಇದೇ ಜಾತಿ. ಒಂದು ನಿಮಿಷ, ನೀವು ಕನ್ನಡಕ ಹಾಕ್ತೀರಲ್ಲ?

— ಹ್ಞೂಂ, ಚಸ್ಮಾ ಇಲ್ದ ನನಗ ಕರೆಹಲಗಿನೂ ಕಾಣೂದಿಲ್ಲ. ಹುಡುಗರೊಳಗೂ ಐದಾರು ಮಂದಿಗೆ ಐತಿ.

— ಸಿಲಿಂಡರ್ ಪವರ್ ಇದೆಯಾ? ಚೀಟಿಯಲ್ಲಿ ಎರಡನೇ ಮನೆ.

— ಐತ್ರಿ. ಬಲಗಣ್ಣಿಗೆ ಒಂದೂವರಿ.

— ಹಾಗಾದರೆ ಬರೆದುಕೊಂಡಿದ್ದನ್ನ ಹೊಡೆದುಹಾಕಿ.

— ಇದೇನ್ರಿ! ಇಷ್ಟೊತ್ತು ಪೊರ್ರೊ ಪೊರ್ರೊ ಅಂತ ಹೊಗಳಿದ್ರಿ.

— ಹೊಗಳಿದ್ದು ಸುಳ್ಳಲ್ಲ, ನಿಮ್ಮ ಕಣ್ಣಿಗೆ ಅದು ಹೊಂದಲ್ಲ ಅಷ್ಟೇ. ಬರೀ ಸಮೀಪದೃಷ್ಟಿ ಇರುವವರು ಕನ್ನಡಕ ತೆಗೆದು ಫೋಕಸ್ ಚಕ್ರ ತಿರುಗಿಸಿಕೊಂಡರೆ ಸಾಕು, ದುರ್ಬೀನೇ ಆ ಪವರ್ ತುಂಬಿಕೊಡುತ್ತೆ. ಸಿಲಿಂಡರನ್ನ ಅದು ತುಂಬಲ್ಲ. ಒಂದೂವರೆ ಸಣ್ಣದೇನಲ್ಲ, ಕನ್ನಡಕ ಹಾಕಿಯೇ ನೋಡಬೇಕು. ಆಗ ಕಣ್ಣು ದುರ್ಬೀನಿನಿಂದ ಒಂದೂವರೆ ಸೆಂಟಿಮೀಟರ್ ಆಚೆ ಉಳಿಯುತ್ತೆ. ಅಷ್ಟು ದೂರದಿಂದಲೂ ಪೂರ್ತಿ ವೃತ್ತ ಕಾಣಬೇಕು ಅಂದರೆ ಐ ರಿಲೀಫ್ ಅನ್ನೋ ಅಳತೆ ಹದಿನಾರು ಮಿಲಿಮೀಟರ್ ಆದರೂ ಇರಬೇಕು. ನಾನು ಹೇಳಿದ ಅಕ್ಯುಲಾನ್‌ನಲ್ಲಿ ಅದು ಹನ್ನೆರಡು. ಎಂಟು ಡಿಗ್ರಿ ಅಗಲ ಪೆಟ್ಟಿಗೆಯ ಮೇಲೆ ಇರುತ್ತೆ, ನಿಮಗೆ ನಡುವಿನ ತುಂಡು ಮಾತ್ರ ಕಾಣುತ್ತೆ. ಜಾಹೀರಾತುಗಳು ಪಟ್ಟು ಮಾತ್ರ ದೊಡ್ಡಕ್ಷರದಲ್ಲಿ ಬರೆದು ಈ ಅಳತೆಯನ್ನ ಮೂಲೆಗೆ ತಳ್ಳಿರ್ತವೆ. ಕನ್ನಡಕದವರು ಮೊದಲು ಓದಬೇಕಾದ ಅಂಕಿ ಇದು.

— ಮತ್ತ ನನ್ನಂಥವರಿಗೆ?

— ಇಲ್ಲಿ ರೂಫ್ ಗೆಲ್ಲುತ್ತೆ. ನಿಕಾನ್‌ನದೇ ಪ್ರೊಸ್ಟಾಫ್ ಪಿ3 8×42ರಲ್ಲಿ ಐ ರಿಲೀಫ್ ಇಪ್ಪತ್ತು ಮಿಲಿಮೀಟರ್. ತೂಕ ಐದೂವರೆ ನೂರು ಗ್ರಾಮಿಗೆ ಸ್ವಲ್ಪ ಮೇಲೆ, ಅಗಲ 7.2 ಡಿಗ್ರಿ, ಬೆಳ್ಳಿ ಮಿಶ್ರಣದ ಕನ್ನಡಿ. ಒಳಗೆ ನೈಟ್ರೋಜನ್ ತುಂಬಿ ನೀರು ಹೋಗದ ಹಾಗೆ ಮುಚ್ಚಿರ್ತಾರೆ, ಮೂರು ಮೀಟರ್ ಹತ್ತಿರದ ಚಿಟ್ಟೆಯನ್ನೂ ನೋಡಬಹುದು. ಫೇಸ್ ಲೇಪ ಬೇಕು ಅಂದರೆ ಪಿ7ಕ್ಕೆ ಏರಬೇಕು, ನಿಮ್ಮ ಕೈಗೆ ಮೀರೀತು. ಬೆಲೆ ನಾನು ಹೇಳಲ್ಲ, ಅದು ಹಬ್ಬಕ್ಕೊಂದು ದಿನಕ್ಕೊಂದು. ಪೊರ್ರೊದಲ್ಲೂ ಉದ್ದ ಐ ರಿಲೀಫ್ ಇರೋದಿದೆ, ಅವರದೇ ಆಕ್ಷನ್ ಇಎಕ್ಸ್ 8×40ರಲ್ಲಿ ಹದಿನೇಳು. ಸಿಕ್ಕರೆ ಹಿಡಿದು ನೋಡಿ. ಆದರೆ ಎಂಟೂವರೆ ನೂರು ಗ್ರಾಮಿನದ್ದು, ಐದನೇ ಕ್ಲಾಸಿನ ಕೈಗೆ ಭಾರ.

— ಚಸ್ಮಾ ಇಲ್ಲದವರು ಅದರಾಗ ನೋಡಬಹುದೇನ್ರಿ?

— ಕಣ್ಣಿನ ಹತ್ತಿರದ ರಬ್ಬರ್ ಬಟ್ಟಲು ತಿರುಗಿಸಿದರೆ ಮೇಲೆ ಬರುತ್ತೆ. ಇಲ್ಲದವರಿಗೆ ಮೇಲಕ್ಕೆ, ಇರುವವರಿಗೆ ಪೂರ್ತಿ ಕೆಳಕ್ಕೆ. ಇದೊಂದು ತಿಳಿಯದೆ ‘ಕಪ್ಪು ನೆರಳು ಬರುತ್ತೆ’ ಅಂತ ಒಳ್ಳೆ ದುರ್ಬೀನನ್ನ ಕಪಾಟಿಗೆ ಸೇರಿಸಿದವರಿದ್ದಾರೆ. ಬಲಗಣ್ಣಿನ ಹೊಂದಿಕೆಯೂ ಹಾಗೇ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ ಬಲಗಡೆಯ ಸಣ್ಣ ಬಳೆ ತಿರುಗಿಸಿ. ಒಮ್ಮೆ ಆದರೆ ನಿಮ್ಮ ಮಟ್ಟಿಗೆ ಆಯಿತು.

— ಹುಡುಗರ ಕಣ್ಣು ಹತ್ತರ ಹತ್ತರ ಇರ್ತಾವಲ್ರಿ, ಅದಕ್ಕ ಹೊಂದತೈತೇನು?

— ಒಳ್ಳೆ ಪ್ರಶ್ನೆ, ಅಂಗಡಿಯವರು ಇದನ್ನ ಯೋಚಿಸೋದೇ ಇಲ್ಲ. ಹೆಚ್ಚಿನವು ಮಡಚಿದಾಗ 56 ಮಿಲಿಮೀಟರ್ ಹತ್ತಿರಕ್ಕೆ ಬರ್ತವೆ. ಎಂಟು-ಒಂಬತ್ತು ವರ್ಷದ ಕೆಲವು ಮಕ್ಕಳಿಗೆ ಅದೂ ಅಗಲ, ಎರಡು ವೃತ್ತ ಒಂದಾಗಲ್ಲ. ಏಳನೇ ಕ್ಲಾಸಿನವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಚಿಕ್ಕವರು ಒಂದೇ ಕಣ್ಣಲ್ಲಿ ನೋಡಲಿ.

— ನಮ್ಮ ಕಡೆ ಮಳಿನೇ ಇಲ್ರಿ. ನೀರು ಹೋಗದ್ದು ಯಾಕ ಬೇಕು?

— ಧೂಳಿಲ್ವಾ? ಮಳೆ ಪಾರಾಗದ ದುರ್ಬೀನಿಗೆ ಧೂಳೂ ಅಷ್ಟು ಸುಲಭವಾಗಿ ನುಗ್ಗಲ್ಲ. ಆದರೂ ಗದಗದ ಒಣಹವೆಗೆ ಅದು ಅನಿವಾರ್ಯ ಅನ್ನಲ್ಲ. ಆಗುಂಬೆಯವರೋ ಶಿರಸಿಯವರೋ ಕೇಳಿದ್ದರೆ ಬೇಕೇ ಬೇಕು ಅನ್ನುತ್ತಿದ್ದೆ. ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಒಳಗೇ ಬೂಷ್ಟು ಬಲೆ ಹೆಣೆಯುತ್ತೆ. ಅಲ್ಲಿ ಚೀಲದಲ್ಲಿ ಇಡದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ನೀವು ಎಚ್ಚರ ವಹಿಸಬೇಕಾದ್ದು ಒರೆಸುವಾಗ. ಮೊದಲು ಊದುಬುರುಡೆಯಿಂದ ಧೂಳು ಹಾರಿಸಿ, ಆಮೇಲೆ ಲೆನ್ಸ್ ಬಟ್ಟೆ. ಸೆರಗಿನಿಂದ ಒರೆಸಿದರೆ ಧೂಳಿನ ಕಣವೇ ಲೇಪವನ್ನ ಗೀರುತ್ತೆ.

— ಆ ಲೇಪ ಹೋದ್ರೂ ಗಾಜು ಇರತೈತಲ್ಲ.

— ಗಾಜು ಇರುತ್ತೆ, ಬೆಳಕು ಇರಲ್ಲ. ಲೇಪವಿಲ್ಲದ ಗಾಜಿನ ಒಂದೊಂದು ಮೇಲ್ಮೈಯೂ ನೂರಕ್ಕೆ ನಾಲ್ಕು ಪಾಲು ಬೆಳಕನ್ನ ವಾಪಸ್ ಕಳಿಸುತ್ತೆ. ಒಂದು ಕೊಳವೆಯಲ್ಲಿ ಅಂಥ ಹತ್ತು ಮೇಲ್ಮೈ ಅಂತಿಟ್ಟುಕೊಳ್ಳಿ, ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿತು. ಸೋರಿದ್ದು ಒಳಗೇ ಅಡ್ಡಾಡಿ ನೋಟವನ್ನ ಮಂಜು ಮಾಡುತ್ತೆ. ಹಲವು ಪದರದ ಲೇಪ ಇದ್ದರೆ ಮೇಲ್ಮೈಗೆ ಅರ್ಧ ಪಾಲಷ್ಟೇ ನಷ್ಟ, ಕೊನೆಗೆ ತೊಂಬತ್ತೈದು ಪಾಲು ಉಳಿಯುತ್ತೆ. 1935ರಲ್ಲಿ ಝೈಸ್‌ನ ಸ್ಮಾಕುಲಾ ಪ್ರತಿಫಲನ ತಡೆಯೋ ಲೇಪದ ಪೇಟೆಂಟ್ ಪಡೆದಮೇಲೆ ದುರ್ಬೀನಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ್ದು ಇನ್ನೊಂದಿಲ್ಲ ಅನ್ನೋದು ನನ್ನ ಎಣಿಕೆ. ಪೆಟ್ಟಿಗೆಯ ಮೇಲೆ ‘ಫುಲ್ಲಿ ಮಲ್ಟಿ ಕೋಟೆಡ್’ ಅಂತ ಇದ್ದರೆ ಎಲ್ಲ ಮೇಲ್ಮೈಗೂ ಹಲವು ಪದರ ಅಂತ. ಬರೀ ‘ಕೋಟೆಡ್’ ಅಂದರೆ ಎಲ್ಲೋ ಒಂದೆರಡು ಕಡೆ ಬಳಿದಿದ್ದಾರೆ ಅಂತ ತಿಳೀರಿ. ಅಂಗಡಿಯ ಟ್ಯೂಬ್‌ಲೈಟಿನ ಬಿಂಬವನ್ನ ಗಾಜಿನಲ್ಲಿ ನೋಡಿ. ತಿಳಿ ಹಸಿರು, ನೇರಳೆ ಬಿಂಬ ಒಳ್ಳೇದು. ಬಿಳಿಯ ಬಿಂಬ ಹೊಳೆದರೆ ಅಲ್ಲಿ ಲೇಪ ಇಲ್ಲ.

— ಅಂಗಡ್ಯಾಗ ಇನ್ನೇನು ನೋಡಬೇಕು?

— ಒಳಗೆ ನಿಂತು ಏನೂ ನೋಡಬೇಡಿ, ಬೀದಿಗೆ ತನ್ನಿ. ನಿಮ್ಮಲ್ಲಿ ಕಪ್ಪತಗುಡ್ಡದ ಗಾಳಿಗಿರಣಿಗಳಿವೆಯಲ್ಲ, ಬಿಳಿ ಆಕಾಶದ ಮುಂದೆ ಅವುಗಳ ರೆಕ್ಕೆ ನೋಡಿ. ಅಂಚಿಗೆ ನೇರಳೆ ಹಸಿರು ಝರಿ ಸ್ವಲ್ಪ ಇರುತ್ತೆ, ಈ ಬೆಲೆಗೆ ಕ್ಷಮಿಸಬೇಕು. ವೃತ್ತದ ನಡುವೆಯೇ ದಟ್ಟವಾಗಿದ್ದರೆ ಬೇಡ. ಆಮೇಲೆ ಅಡ್ಡಲಾಗಿ ಹೋದ ವಿದ್ಯುತ್ ತಂತಿ ನೋಡುತ್ತ ದುರ್ಬೀನನ್ನ ನಿಧಾನವಾಗಿ ಕಣ್ಣಿಂದ ದೂರ ತನ್ನಿ. ಎರಡು ಕೊಳವೆಯಲ್ಲೂ ತಂತಿ ಒಂದೇ ಎತ್ತರದಲ್ಲಿ ಇರಬೇಕು. ಒಂದು ಮೇಲೆ ಒಂದು ಕೆಳಗೆ ಆದರೆ ಕೊಳವೆಗಳು ಸಾಲು ತಪ್ಪಿವೆ. ಮಿದುಳು ಕಷ್ಟಪಟ್ಟು ಹೊಂದಿಸಿಕೊಳ್ಳುತ್ತೆ, ಹತ್ತು ನಿಮಿಷಕ್ಕೆ ತಲೆನೋವು ಶುರು. ಅಗ್ಗದ ಮಾಲಿನಲ್ಲಿ ಇದೇ ದೊಡ್ಡ ರೋಗ. ಎಲ್ಲಕ್ಕಿಂತ ಮುಂಚೆ ಆ ಬೆಳಕಿನ ಬಿಲ್ಲೆ. ಅದು ದುಂಡಗಿರಬೇಕು. ಪೊರ್ರೊದಲ್ಲಿ ಅಂಚು ಬೂದಾಗಿ ಚೌಕ ಆಗಿದ್ದರೆ ಪಟ್ಟಕದ ಗಾಜು ಕೆಳದರ್ಜೆಯದು. ಆನ್‌ಲೈನ್ ತರಿಸಿದರೆ ಮರಳಿಸುವ ಗಡುವಿನೊಳಗೆ ಇಷ್ಟನ್ನೂ ಮಾಡಿ ಮುಗಿಸಿ.

— ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕೆರ್ಯಾಗ ಹಕ್ಕಿ ನಡುವ ಕೂಡ್ತಾವ. ಎಂಬತ್ತು ಮೀಟರ್ ಅಲ್ಲ, ಮುನ್ನೂರು ಅನ್ರಿ. ಎಂಟಕ್ಕ ಅವು ಬಾಡಿಗಿ ಕಾರಿನ ಸ್ಟಿಕ್ಕರ್‌ನಷ್ಟು ಕಾಣ್ತಾವ. ಅಲ್ಲಿ ನಿಮ್ಮ ಸ್ಥಿರ, ಅಗಲ ಏನು ಮಾಡಾಕ ಬರತೈತಿ?

— ಅದಕ್ಕೆ ನನ್ನಲ್ಲಿ ಅರ್ಧ ಉತ್ತರ ಮಾತ್ರ ಇದೆ. ಹತ್ತು ಗಂಟೆ ಆದಮೇಲೆ ಹೋದರೆ ಮೂವತ್ತು ಪಟ್ಟಿನ ದೂರದರ್ಶಕವೂ ಸೋಲುತ್ತೆ. ನೀರಿನ ಮೇಲಿನ ಬಿಸಿಗಾಳಿ ಕುದಿಯುತ್ತೆ, ಪಟ್ಟು ಹೆಚ್ಚಿದಷ್ಟೂ ಆ ಕುದಿತ ಹೆಚ್ಚು ಕಾಣುತ್ತೆ. ಹೊಲಕ್ಕೆ ಮೇಯಲು ಹೋದ ಹೆಬ್ಬಾತುಗಳು ಬೆಳಿಗ್ಗೆ ಕೆರೆಗೆ ವಾಪಸಾಗೋ ಹೊತ್ತಿಗೆ ಹೋಗಿ, ಸೂರ್ಯ ಬೆನ್ನಿಗಿರೋ ದಂಡೆ ಆರಿಸಿಕೊಳ್ಳಿ. ಆದರೂ ಮುನ್ನೂರು ಮೀಟರಿಗೆ ಹತ್ತು ಪಟ್ಟು ಮೇಲು ಅನ್ನೋದನ್ನ ಒಪ್ಪಿದೆ.

— ಮತ್ತ 10×50 ತಗೊಂಡು ಸ್ಟ್ಯಾಂಡಿನ ಮ್ಯಾಲ ಇಟ್ರ? ಬಿಲ್ಲೆ ಐದು ಮಿಲಿಮೀಟರ್, ಲಕ್ಕುಂಡಿಗೂ ಆತು, ಚಂದ್ರಗೂ ಆತು. ಕೈ ನಡುಗೂದು ಇಲ್ಲ.

— ಅದೇ ಅಕ್ಯುಲಾನ್‌ನ 10×50 ಸುಮಾರು ಒಂಬೈನೂರು ಗ್ರಾಮ್, ಐ ರಿಲೀಫ್ ಹನ್ನೆರಡಕ್ಕಿಂತ ಕಡಿಮೆ. ನಿಮಗೇ ಕಾಣಲ್ಲ. ನೀವು ನೋಡದಿದ್ದರೆ ಹುಡುಗರಿಗೆ ಎಲ್ಲಿ ತೋರಿಸ್ತೀರಿ? ಸ್ಟ್ಯಾಂಡಿನ ಮಾತು ಮಾತ್ರ ಬಹಳ ಒಳ್ಳೇದು. ನಲವತ್ತು ಮಕ್ಕಳು, ಒಂದು ದುರ್ಬೀನು. ಕೈಗೆ ಕೊಟ್ಟರೆ ಒಬ್ಬೊಬ್ಬರೂ ಹಕ್ಕಿ ಹುಡುಕೋದರಲ್ಲೇ ಬೆಳಗು ಕಳೆದುಹೋಗುತ್ತೆ. ಟ್ರೈಪಾಡಿನ ಮೇಲೆ ಕೂರಿಸಿ, ಗುಂಪಿನ ಕಡೆ ತಿರುಗಿಸಿ ಬಿಗಿದುಬಿಟ್ಟರೆ ಸಾಲಾಗಿ ಬಂದು ಕಣ್ಣಿಡಬಹುದು. ಹೆಚ್ಚಿನ ದುರ್ಬೀನುಗಳ ಮಡಿಕೆಯ ತುದಿಯಲ್ಲಿ ಒಂದು ಮುಚ್ಚಳ ಇರುತ್ತೆ, ಬಿಚ್ಚಿದರೆ ಒಳಗೆ ತಿರುಪಿನ ಮರೆ ಕಾಣುತ್ತೆ. ಅದಕ್ಕೆ ಸಿಕ್ಕಿಸುವ ಕೊಂಡಿ ಬೇರೆ ತಗೋಬೇಕು. ಮೊಬೈಲ್ ಇಡೋ ಕಡ್ಡಿಕಾಲಿನ ಸ್ಟ್ಯಾಂಡು ತಡೆಯಲ್ಲ, ಕ್ಯಾಮೆರಾದ್ದು ಬೇಕು.

— ಚಂದ್ರನ ಜೊತಿ ಶನಿ ಬಳಿನೂ ಕಾಣ್ತಾವೇನ್ರಿ? ಹುಡುಗರು ಕೇಳೇ ಕೇಳ್ತಾರ.

— ಇಲ್ಲ. ಉಂಗುರಕ್ಕೆ ಇಪ್ಪತ್ತೈದು ಪಟ್ಟಾದರೂ ಬೇಕು. ಗುರುವಿನ ಪಕ್ಕ ಚುಕ್ಕಿ ಇಟ್ಟ ಹಾಗೆ ನಾಲ್ಕು ಚಂದ್ರರು ಸ್ಟ್ಯಾಂಡಿನ ಮೇಲೆ ಕಾಣ್ತಾರೆ, ಗೆಲಿಲಿಯೋ 1610ರ ಜನವರಿಯಲ್ಲಿ ನೋಡಿದ್ದು ಅವನ್ನೇ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರೇಳು, ಇದರಲ್ಲಿ ಹತ್ತಾರು. ಚಂದ್ರನನ್ನ ಹುಣ್ಣಿಮೆಗೆ ನೋಡಬೇಡಿ, ಸಪ್ಪೆ. ಅಷ್ಟಮಿಯ ಆಚೀಚೆ ನೋಡಿ, ಕತ್ತಲು ಬೆಳಕಿನ ಗಡಿಯಲ್ಲಿ ಕುಳಿಗಳ ನೆರಳು ಉದ್ದ ಬಿದ್ದಿರುತ್ತೆ. ಮತ್ತೆ ಇದನ್ನ ದುರ್ಬೀನಿನ ಪೆಟ್ಟಿಗೆಯ ಮೇಲೆ ನಿಮ್ಮ ಕೈಯಲ್ಲೇ ದೊಡ್ಡದಾಗಿ ಬರೆದು ಅಂಟಿಸಿ: ಸೂರ್ಯನ ಕಡೆ ಎಂದೂ ತಿರುಗಿಸಬಾರದು. ಒಂದು ಕ್ಷಣ ಸಾಕು, ಕಣ್ಣಿನ ಪರದೆ ಸುಟ್ಟಿದ್ದು ಮತ್ತೆ ಬರಲ್ಲ. ಬಿಸಿಲಲ್ಲಿ ಸ್ಟ್ಯಾಂಡಿನ ಮೇಲೆ ಬಿಟ್ಟು ನೀವು ಆಚೆ ಹೋಗಲೂ ಬೇಡಿ.

— ಮೂರು ಸಾವಿರದ್ದು ನಾಕು ತಗೊಂಡು ಹುಡುಗರಿಗೆ ಹಂಚಬೇಕು ಅಂತ ನಮ್ಮ ಹೆಡ್‌ಮಾಸ್ತರು ಅಂತಾರ.

— ಅವರ ಮಾತಲ್ಲಿ ನ್ಯಾಯವಿದೆ. ಆದರೆ ಆ ಬೆಲೆಯ ನಾಲ್ಕರಲ್ಲಿ ಎರಡು ಸಾಲು ತಪ್ಪಿ ಬಂದರೂ ಆಶ್ಚರ್ಯವಿಲ್ಲ. ಮೊದಲ ದಿನವೇ ತಲೆನೋವು ಬಂದ ಹುಡುಗ ಎರಡನೇ ಸಲ ಕೇಳಲ್ಲ. ಈ ವರ್ಷ ಒಂದು ಒಳ್ಳೇದು ಮತ್ತು ಸ್ಟ್ಯಾಂಡು, ಮುಂದಿನ ವರ್ಷ ದುಡ್ಡು ಕೂಡಿದರೆ ಕನ್ನಡಕವಿಲ್ಲದ ಮಕ್ಕಳಿಗೆ ಅಂತಲೇ ಆ ಪೊರ್ರೊ.

— ಸ್ಟ್ಯಾಂಡು ನಮ್ಮ ಊರಿನ ಫೋಟೋ ಸ್ಟುಡಿಯೋದಾಗ ಹಳೇದು ಬಿದ್ದೈತಿ, ಇಸ್ಕೊಂಡು ಬರ್ತೀನಿ. ರೂಫ್, 8×42, ಐ ರಿಲೀಫ್ ಹದಿನಾರರ ಮ್ಯಾಲ, ಫುಲ್ಲಿ ಮಲ್ಟಿ ಕೋಟೆಡ್, ಕೊಂಡಿ ಕೂಡೂದು. ಸರಿಯೇನ್ರಿ?

— ಸರಿ. ಹುಬ್ಬಳ್ಳಿಗೆ ಹೋದಾಗ ಪ್ರೊಸ್ಟಾಫ್ ಒಂದನ್ನೇ ಕೇಳಬೇಡಿ, ಅದೇ ಬೆಲೆಯ ಇನ್ನೆರಡನ್ನ ತೆಗೆಸಿ ಕನ್ನಡಕ ಹಾಕಿಕೊಂಡೇ ನೋಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು, ತಾರೀಖು ಹಾಕಿಸಿ. ಬಿಲ್ಲು ಶಾಲೆಯ ಹೆಸರಲ್ಲಿರಲಿ.

— ಅದನ್ನ ಹೇಳೂದೇ ಬ್ಯಾಡ್ರಿ. ಜಿಎಸ್‌ಟಿ ನಂಬರ್ ಇಲ್ಲದ ಬಿಲ್ಲು ತಂದ್ರ ನಮ್ಮ ಹೆಡ್‌ಮಾಸ್ತರು ಅಷ್ಟೂ ರೊಕ್ಕ ನನ್ನ ಪಗಾರದಾಗ ಮುರ್ಕೊಂತಾರ.